ಎಐ ಬರೆದ ಪಾಠದ ಹಾಳೆ: ಮಾಡಬೇಕಾದ್ದು, ಮಾಡಬಾರದ್ದು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ, ನೋಟ್ಸ್ ಬರೆಯುವವರಿಗೆ, ಅಚ್ಚು ಹಾಕುವವರಿಗೆ

ಈ ಸೂಚನೆ ಯಾರಿಗೆ

ಮಕ್ಕಳ ಕೈಗೆ ಓದುವ ಹಾಳೆ ಕೊಡುವ ಎಲ್ಲರಿಗೂ. ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಶಿಕ್ಷಕರಿಗೆ, ಅತಿಥಿ ಶಿಕ್ಷಕರಿಗೆ, ಸಂಜೆ ಟ್ಯೂಷನ್ ಹೇಳುವವರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಟೈಪ್ ಮಾಡಿ ಜೆರಾಕ್ಸ್ ಹಾಕಿಕೊಡುವ ಡಿಟಿಪಿ ಅಂಗಡಿಯವರಿಗೆ. ಇದು ಇಲಾಖೆಯ ಸುತ್ತೋಲೆಯಲ್ಲ, ಯಾರ ಮೇಲೂ ಶಿಸ್ತುಕ್ರಮ ತರುವ ಕಾಗದವಲ್ಲ. ಮಕ್ಕಳ ಮುಂದೆ ನಿಲ್ಲುವವರು ತಮಗೆ ತಾವೇ ಹಾಕಿಕೊಳ್ಳಬೇಕಾದ ಕಟ್ಟು. ಹಾಗೆಂದು ಸಡಿಲವಾಗಿ ಓದಬೇಡಿ. ಇಲ್ಲಿರುವ ಒಂದೊಂದು ಮಾತನ್ನೂ ಪಾಲಿಸಲೆಂದೇ ಬರೆದಿದೆ.

ಎಲ್ಲಕ್ಕಿಂತ ಮೊದಲ ನಿಯಮ

ಎಐ ಬರೆದಿದ್ದರೆ ಹಾಗೆಂದು ಹಾಳೆಯ ಮೇಲೆ ಬರೆಯಿರಿ. ಓದಿ ತಿದ್ದಿದವರ ಹೆಸರು ಹಾಕಿ. ಇವೆರಡೂ ಆಗದಿದ್ದರೆ ಆ ಹಾಳೆಯನ್ನು ಮಕ್ಕಳಿಗೆ ಕೊಡಬೇಡಿ.

ಯಾಕೆ ಇಷ್ಟು ಕಟ್ಟುನಿಟ್ಟು

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅದರ ಹಿಂದೆಯೇ ಜೆಮಿನಿ ಮುಂತಾದವು ಬಂದವು. ಪಾಠ ಯೋಜನೆ, ಘಟಕ ಪರೀಕ್ಷೆಯ ಪ್ರಶ್ನೆ, ಬಿಟ್ಟಸ್ಥಳ ತುಂಬುವ ಹಾಳೆ, ಎಸ್‌ಎಸ್‌ಎಲ್‌ಸಿ ಮಕ್ಕಳ ಪಾಸಿಂಗ್ ಪ್ಯಾಕೇಜ್, ಇವೆಲ್ಲ ಈಗ ಫೋನಿನಲ್ಲೇ ತಯಾರಾಗುತ್ತವೆ. ಬರೆಸುವುದು ತಪ್ಪೆಂದು ಈ ಸೂಚನೆ ಹೇಳುವುದಿಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬಿ, ರಾತ್ರಿ ಪ್ರಶ್ನೆಪತ್ರಿಕೆಗೆ ಕೂರುವ ಮೇಷ್ಟ್ರಿಗೆ ಈ ಸಾಧನ ನಿಜವಾದ ಆಸರೆ. ತಪ್ಪಿರುವುದು ಬರೆಸಿದ್ದನ್ನು ಮುಚ್ಚಿಡುವುದರಲ್ಲಿ. ಅದಕ್ಕಿಂತ ದೊಡ್ಡ ತಪ್ಪು, ಓದದೆ ಹಂಚುವುದು.

ನಮ್ಮ ಭಾಗದಲ್ಲಿ ಇದು ಹೆಚ್ಚು ಗಂಭೀರ. ಅದಕ್ಕೆ ಎರಡು ಕಾರಣ ಇವೆ.

ಒಂದು, ಇಲ್ಲಿ ಎಷ್ಟೋ ಮಕ್ಕಳಿಗೆ ಪಠ್ಯಪುಸ್ತಕ ಬಿಟ್ಟರೆ ಮೇಷ್ಟ್ರು ಕೊಟ್ಟ ಹಾಳೆಯೇ ಕೊನೆಯ ಮಾತು. ಮನೆಯಲ್ಲಿ ಮೊದಲ ಸಲ ಎಸ್‌ಎಸ್‌ಎಲ್‌ಸಿ ಬರೆಯುವ ಮಗುವಿಗೆ ಅದನ್ನು ತಾಳೆ ನೋಡಲು ಇನ್ನೊಂದು ಪುಸ್ತಕವಿಲ್ಲ, ಕೇಳಲು ಓದಿದ ಅಣ್ಣ ಅಕ್ಕ ಇಲ್ಲ. ಆ ಮಗು ನಂಬುವುದು ಹಾಳೆಯನ್ನಲ್ಲ, ಹಾಳೆ ಕೊಟ್ಟ ನಿಮ್ಮನ್ನು. ಜೊತೆಗೆ ಹಾಳೆ ಒಂದೇ ಕೈಯಲ್ಲಿ ನಿಲ್ಲುವುದಿಲ್ಲ. ಜೆರಾಕ್ಸ್ ಆಗಿ ಹಾಸ್ಟೆಲ್‌ಗೆ ಹೋಗುತ್ತದೆ, ವಾಟ್ಸಾಪ್‌ನಲ್ಲಿ ಪಕ್ಕದ ಶಾಲೆಗೆ ಹೋಗುತ್ತದೆ, ಮುಂದಿನ ವರ್ಷದ ಮಕ್ಕಳ ಚೀಲ ಸೇರುತ್ತದೆ. ಎಲ್ಲಿಂದ ಬಂತೆಂದು ಅದರ ಮೇಲೆ ಬರೆಯದಿದ್ದರೆ, ತಪ್ಪು ಕಂಡವರು ಯಾರಿಗೆ ಹೇಳಬೇಕು?

ಎರಡು, ಈ ಸಾಧನಗಳು ಕೆಲಸ ಮಾಡುವ ರೀತಿ. ಅವು ಸಾಮಾನ್ಯವಾಗಿ ಪುಸ್ತಕ ತೆರೆದು ನೋಡಿ ಉತ್ತರ ಹೇಳುವುದಿಲ್ಲ. ತಾವು ಕಲಿತ ಅಪಾರ ಬರಹದ ಬಲದ ಮೇಲೆ ಮುಂದಿನ ಪದ ಯಾವುದಿರಬಹುದೆಂದು ಅಂದಾಜಿಸುತ್ತ ವಾಕ್ಯ ಕಟ್ಟುತ್ತವೆ. ದ್ಯುತಿಸಂಶ್ಲೇಷಣೆ, ಪೈಥಾಗೊರಸ್ ಪ್ರಮೇಯದಂಥ ವಿಷಯದಲ್ಲಿ ಲೋಕದ ತುಂಬ ಬರಹವಿದೆ, ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತವೆ. ನಾಯಕನಹಟ್ಟಿ, ತಳುಕು, ರಾಂಪುರ, ನುಂಕೇಮಲೆಯ ಬಗ್ಗೆ ಬರಹ ಕಡಿಮೆ, ಕನ್ನಡದಲ್ಲಿ ಇನ್ನೂ ಕಡಿಮೆ. ಅಲ್ಲಿ ಅವು ಎಷ್ಟೋ ಸಲ ಸುಮ್ಮನಿರುವುದಿಲ್ಲ. ಖಾಲಿ ಜಾಗವನ್ನು ಅದೇ ನಯವಾದ, ಅದೇ ಖಚಿತ ಧಾಟಿಯಲ್ಲಿ ತುಂಬಿಬಿಡುತ್ತವೆ. ಓದುವವರಿಗೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಊರಿನ ವಿಷಯದಲ್ಲೇ ಯಂತ್ರ ಹೆಚ್ಚು ಎಡವುತ್ತದೆ ಎಂಬುದನ್ನು ನೆನಪಿಡಿ.

ಯಾರ ಮಾತು, ಯಾರು ಬರೆದದ್ದು ಎಂದು ತಿಳಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕನ ಕಿರು ಬಂಡೆಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನ ಶುರುವಿನಲ್ಲೇ ಹೇಳುತ್ತದೆ: ಈ ಮಾತು ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಎಂದು. ಲಿಪಿಕಾರ ಎಂಬ ಮಾತನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಮಾತು ಹೇಳಿಸಿದವರು ಬೇರೆ, ಬರೆದವನು ಬೇರೆ. ಇಬ್ಬರೂ ಬಂಡೆಯ ಮೇಲೆ ಕಾಣುತ್ತಾರೆ. ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬೋಧನೆಯೂ ಅದೇ ಶಾಸನದಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಲಿಪಿಕಾರ ಪಾಲಿಸಿದ ಕ್ರಮವನ್ನು ಪಾಲಿಸಲು ನಮಗೆ ಅಡ್ಡಿಯೇನಿಲ್ಲ.

ಮಾಡಬೇಕಾದ್ದು

1. ಹಾಳೆಯ ತಲೆಯಲ್ಲೇ ಬರೆಯಿರಿ. ಮೊದಲ ಪುಟದಲ್ಲಿ, ಶೀರ್ಷಿಕೆಯ ಕೆಳಗೆ, ಪಾಠದ ಅಕ್ಷರದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ನಾಲ್ಕು ವಿಷಯ ಇರಲೇಬೇಕು: ಯಾವ ಸಾಧನ, ಯಾವ ಭಾಗಕ್ಕೆ ಬಳಸಿದ್ದು, ಯಾರು ಯಾವುದರ ಜೊತೆ ಹೋಲಿಸಿ ತಿದ್ದಿದ್ದು, ತಾರೀಖು. ಹೀಗೆ:

*“ಈ ಹಾಳೆಯ 1ರಿಂದ 15ರವರೆಗಿನ ಪ್ರಶ್ನೆಗಳನ್ನು ಚಾಟ್‌ಜಿಪಿಟಿಯಿಂದ ಬರೆಸಲಾಗಿದೆ. 8ನೇ ತರಗತಿಯ ಸಮಾಜ ವಿಜ್ಞಾನ ಪಠ್ಯಪುಸ್ತಕದ ಜೊತೆ ಹೋಲಿಸಿ ತಿದ್ದಿದವರು: (ಶಿಕ್ಷಕರ ಹೆಸರು, ಶಾಲೆ). ತಾರೀಖು: (ತಿದ್ದಿದ ದಿನ). ತಪ್ಪು ಕಂಡರೆ ದಯವಿಟ್ಟು ತಿಳಿಸಿ.”*

‘ತಂತ್ರಜ್ಞಾನದ ನೆರವಿನಿಂದ ಸಿದ್ಧಪಡಿಸಲಾಗಿದೆ’ ಎಂದು ಬರೆದರೆ ಸಾಲದು. ಟೈಪ್ ಮಾಡಿದ್ದೂ ತಂತ್ರಜ್ಞಾನವೇ. ಅಂಥ ವಾಕ್ಯ ಏನನ್ನೂ ತಿಳಿಸುವುದಿಲ್ಲ, ತಿಳಿಸಿದಂತೆ ತೋರಿಸುತ್ತದೆ ಅಷ್ಟೆ.

2. ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಓದಿ. ಇಸವಿ, ಹೆಸರು, ಸೂತ್ರ, ವ್ಯಾಖ್ಯೆ, ಒಂದೊಂದರ ಮೇಲೂ ಪೆನ್ಸಿಲ್ ಇಡಿ. ಪಠ್ಯದಲ್ಲಿ ಸಿಗದ ವಿಷಯ ಇದ್ದರೆ ಬೇರೆ ನಂಬಬಹುದಾದ ಪುಸ್ತಕದಲ್ಲಿ ನೋಡಿ. ಅಲ್ಲೂ ಸಿಗದಿದ್ದರೆ ಆ ಸಾಲನ್ನು ಹೊಡೆದುಹಾಕಿ. ಯಂತ್ರ ಬರೆದದ್ದು ಸರಿಯೇ ಎಂದು ಅದೇ ಯಂತ್ರವನ್ನು ಕೇಳುವುದು ಪರಿಶೀಲನೆ ಅಲ್ಲ.

3. ಊರಿನ ವಿಷಯವನ್ನು ಎರಡು ಪಟ್ಟು ಎಚ್ಚರದಿಂದ ನೋಡಿ. ಬ್ರಹ್ಮಗಿರಿಯ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಸಿದಿರಿ ಎಂದಿಟ್ಟುಕೊಳ್ಳಿ. ಕರಡಿನಲ್ಲಿ ಇಂಥ ನಾಲ್ಕು ಸಾಲು ಬಂದರೆ ಹಿಡಿಯಬೇಕಾದ್ದು ಹೀಗೆ.

‘ಕೊಡಗಿನ ಬ್ರಹ್ಮಗಿರಿ ಬೆಟ್ಟದಲ್ಲಿ ಅಶೋಕನ ಶಾಸನವಿದೆ.’ ತಪ್ಪು. ತಲಕಾವೇರಿಯ ಬ್ರಹ್ಮಗಿರಿ ಬೇರೆ, ನಮ್ಮದು ಬೇರೆ. ಸಿದ್ದಾಪುರದ ವಿಷಯದಲ್ಲೂ ಇದೇ ಗೊಂದಲ. ಉತ್ತರ ಕನ್ನಡದಲ್ಲೊಂದು, ಕೊಡಗಿನಲ್ಲೊಂದು ಸಿದ್ದಾಪುರ ಇವೆ. ಶಾಸನ ಇರುವುದು ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದಲ್ಲಿ.

‘ಶಾಸನ ಹಳಗನ್ನಡದಲ್ಲಿದೆ.’ ತಪ್ಪು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

‘ಇದರಲ್ಲಿ ಅಶೋಕ ಎಂಬ ಹೆಸರಿದೆ.’ ತಪ್ಪು. ಇಲ್ಲಿರುವುದು ದೇವಾನಾಂಪ್ರಿಯ ಎಂಬ ಬಿರುದು ಮಾತ್ರ. ಆ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದದ್ದರಿಂದ ಹೆಸರಾದದ್ದು ರಾಯಚೂರು ಜಿಲ್ಲೆಯ ಮಸ್ಕಿ ಶಾಸನ, ಅದು ಸಿಕ್ಕಿದ್ದು 1915ರಲ್ಲಿ.

‘ಶಾಸನವನ್ನು ಮಾರ್ಟಿಮರ್ ವೀಲರ್ ಕಂಡುಹಿಡಿದರು.’ ತಪ್ಪು. ಕಂಡುಹಿಡಿದವರು ರೈಸ್. ವೀಲರ್ 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದವರು.

ನಾಲ್ಕೂ ಸಾಲು ಓದಲು ಚೆನ್ನಾಗಿವೆ, ವ್ಯಾಕರಣ ಸರಿಯಿದೆ. ಅದಕ್ಕೇ ಕಣ್ಣು ತಪ್ಪಿಸಿಕೊಂಡು ಹೋಗುತ್ತವೆ.

ತಳುಕಿನ ಮನೆತನದ ವಿಷಯದಲ್ಲೂ ಹುಷಾರಾಗಿರಿ. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಇನ್ನೊಬ್ಬ ತಮ್ಮನ ಮಗ ತ.ರಾ. ಸುಬ್ಬರಾಯ, ಮೂವರೂ ಬರಹಗಾರರು. ಒಬ್ಬರ ಪುಸ್ತಕ ಇನ್ನೊಬ್ಬರ ಹೆಸರಿಗೆ ಹೋಗುವುದು ಸುಲಭ. ‘ದುರ್ಗಾಸ್ತಮಾನ’ ತ.ರಾ.ಸು. ಅವರದ್ದು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾದದ್ದು ವೆಂಕಣ್ಣಯ್ಯನವರಿಗೆ.

4. ವಿಜ್ಞಾನದ ಸುದ್ದಿಯನ್ನು ಮೂಲದಲ್ಲೇ ನೋಡಿ. ಚಳ್ಳಕೆರೆಯ ಮಕ್ಕಳು ಕುದಾಪುರದ ಐಐಎಸ್‌ಸಿ ಆವರಣ, ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದ ಬಗ್ಗೆ ಹೆಮ್ಮೆಯಿಂದ ಕೇಳುತ್ತಾರೆ. ‘ಚಳ್ಳಕೆರೆಯಿಂದ ಇಸ್ರೊ ರಾಕೆಟ್ ಹಾರಿಸಿತು’ ಎಂದು ಕರಡಿನಲ್ಲಿ ಬಂದರೆ ತಿದ್ದಿ. ಇಲ್ಲಿ ನಡೆದದ್ದು ಇಳಿಯುವ ಪರೀಕ್ಷೆ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯುಳ್ಳ ವಾಹನವನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ವಾಹನ ತಾನಾಗಿ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮತ್ತೆರಡು ಪರೀಕ್ಷೆ ನಡೆದವು. ಇಂಥ ವಿವರಕ್ಕೆ ಇಸ್ರೊದ ಪ್ರಕಟಣೆಯನ್ನೇ ಓದಿ. ಹಾಳೆಯಲ್ಲಿ ಮೂಲದ ಹೆಸರು ಬರೆಯಿರಿ.

5. ಲೆಕ್ಕವನ್ನು ಕೈಯಾರೆ ಬಿಡಿಸಿ. ಉತ್ತರ ಸರಿಯೇ ಎಂದಷ್ಟೇ ನೋಡಬೇಡಿ, ಲೆಕ್ಕದಲ್ಲಿ ಹೇಳಿದ ವಿಷಯ ನಿಜವೇ ಎಂದೂ ನೋಡಿ. ‘ಒಂದು ಕ್ವಿಂಟಲ್ ಶೇಂಗಾ ಅರೆದರೆ 80 ಕಿಲೋ ಎಣ್ಣೆ ಬರುತ್ತದೆ, 12 ಕ್ವಿಂಟಲ್‌ಗೆ ಎಷ್ಟು?’ ಎಂಬ ಲೆಕ್ಕದಲ್ಲಿ ಗುಣಾಕಾರ ಸರಿ ಇರಬಹುದು. ಆದರೆ ಶೇಂಗಾ ಬೀಜದ ತೂಕದಲ್ಲಿ ಎಣ್ಣೆಯ ಪಾಲು ಹೆಚ್ಚೆಂದರೆ ಅರ್ಧದಷ್ಟು, ಸಿಪ್ಪೆ ಸಮೇತ ತೂಗಿದರೆ ಇನ್ನೂ ಕಡಿಮೆ. ಎಣ್ಣೆ ಮಿಲ್ಲುಗಳ ಊರಿನಲ್ಲಿ, ಅಪ್ಪ ಮಿಲ್ಲಿನಲ್ಲಿ ದುಡಿಯುವ ಮಗುವಿಗೆ ಇಂಥ ಲೆಕ್ಕ ಕೊಟ್ಟರೆ, ಶಾಲೆಯ ಲೆಕ್ಕಕ್ಕೂ ಮನೆಯ ಬದುಕಿಗೂ ಸಂಬಂಧವಿಲ್ಲ ಎಂದು ಕಲಿಸಿದಂತಾಗುತ್ತದೆ.

6. ಅನುವಾದಕ್ಕೂ ಇದೇ ನಿಯಮ. ಇಂಗ್ಲಿಷ್ ಪಿಡಿಎಫ್ ಅನ್ನು ಯಂತ್ರದಿಂದ ಕನ್ನಡಕ್ಕೆ ತಂದಿದ್ದರೆ ಮೂಲ ಯಾರದ್ದು, ಅನುವಾದ ಯಾವ ಸಾಧನದ್ದು, ಓದಿ ತಿದ್ದಿದವರು ಯಾರು, ಮೂರನ್ನೂ ಬರೆಯಿರಿ. ಆಂಧ್ರದ ಗಡಿಗೆ ಹತ್ತಿರದ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗಾಡುವ ಮಕ್ಕಳಿದ್ದಾರೆ. ಅವರಿಗೆಂದು ತೆಲುಗಿನಲ್ಲಿ ವಿವರಣೆ ಬರೆಸಿದರೆ, ತೆಲುಗು ಓದಬಲ್ಲ ಒಬ್ಬರಿಗೆ ತೋರಿಸಿದ ಮೇಲೆಯೇ ಹಂಚಿ. ನಿಮಗೇ ಓದಲು ಬಾರದ ಹಾಳೆಗೆ ನೀವು ಹೊಣೆ ಹೊರಲಾರಿರಿ.

7. ಚಿತ್ರಕ್ಕೂ ಬರೆಯಿರಿ, ಗೊತ್ತಿದ್ದವರಿಗೆ ತೋರಿಸಿ. ಎಐ ಬಿಡಿಸಿದ ಚಿತ್ರದ ಕೆಳಗೇ ‘ಎಐ ಬಿಡಿಸಿದ ಚಿತ್ರ’ ಎಂದಿರಲಿ. ಮೊಳಕಾಲ್ಮೂರಿನ ಕೈಮಗ್ಗದ ಚಿತ್ರ ಬರೆಸಿದರೆ, ನೇಕಾರರ ಮನೆಯ ಮಗುವಿಗೂ ಅದರ ತಂದೆ ತಾಯಿಗೂ ಮೊದಲು ತೋರಿಸಿ. ಲಾಳಿ ಎಲ್ಲಿರಬೇಕು, ಹಾಸು ಹೇಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಚಿತ್ರ ತಪ್ಪಿದ್ದರೆ ಬಿಟ್ಟುಬಿಡಿ, ಮಗ್ಗದ ಮುಂದೆಯೇ ಮಕ್ಕಳನ್ನು ಕರೆದೊಯ್ಯಿರಿ.

8. ಮಕ್ಕಳಿಗೆ ಬಾಯಲ್ಲೂ ಹೇಳಿ. ‘ಈ ಪ್ರಶ್ನೆ ಯಂತ್ರದಿಂದ ಬರೆಸಿದ್ದು, ನಾನು ಓದಿ ತಿದ್ದಿದ್ದೇನೆ, ಆದರೂ ತಪ್ಪು ಉಳಿದಿರಬಹುದು, ಕಂಡರೆ ಹೇಳಿ’ ಎಂದು ತರಗತಿಯಲ್ಲಿ ನಿಂತು ಹೇಳಿ. ‘ಸಾ, ಇದು ಬುಕ್ಕಲ್ಲಿ ಹಂಗಿಲ್ಲ’ ಎಂದು ಒಂದು ಮಗು ಎದ್ದು ನಿಂತರೆ ಕೂರಿಸಬೇಡಿ, ಎಲ್ಲರ ಮುಂದೆ ಪುಸ್ತಕ ತೆರೆಸಿ ನೋಡಿ. ಆ ಪಾಠ ಯಾವ ಹಾಳೆಯಿಂದಲೂ ಸಿಗದು.

9. ಪೋಷಕರ ಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ಹೇಳಿ. ಯಾವ ಕೆಲಸಕ್ಕೆ ಎಐ ಬಳಸುತ್ತೀರಿ, ಯಾವುದಕ್ಕೆ ಬಳಸುವುದಿಲ್ಲ, ಯಾರು ತಿದ್ದುತ್ತಾರೆ ಎಂದು ಸರಳವಾಗಿ ವಿವರಿಸಿ. ಓದು ಬಾರದ ತಾಯಿಗೂ ತನ್ನ ಮಗುವಿಗೆ ಏನು ಓದಿಸುತ್ತಿದ್ದಾರೆಂದು ತಿಳಿಯುವ ಹಕ್ಕಿದೆ.

10. ಕರಡು ಉಳಿಸಿಡಿ. ಯಂತ್ರಕ್ಕೆ ಏನು ಕೇಳಿದಿರಿ, ಅದು ಏನು ಕೊಟ್ಟಿತು, ನೀವು ಏನು ತಿದ್ದಿದಿರಿ, ಮೂರನ್ನೂ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ ಸಾಕು. ಮುಂದೆ ಯಾರಾದರೂ ಕೇಳಿದರೆ ಉತ್ತರ ನಿಮ್ಮ ಕೈಯಲ್ಲಿರುತ್ತದೆ.

ಮಾಡಬಾರದ್ದು

1. ಯಂತ್ರದ ಬರಹಕ್ಕೆ ನಿಮ್ಮ ಹೆಸರೊಂದನ್ನೇ ಹಾಕಬೇಡಿ. ‘ರಚನೆ’, ‘ಸಂಪಾದಕರು’, ‘ವಿಷಯ ತಜ್ಞರ ತಂಡದಿಂದ’ ಎಂದು ಬರೆದು ಒಳಗೆಲ್ಲ ಎಐ ಬರಹ ತುಂಬಬೇಡಿ. ಪವರ್‌ಲೂಮ್‌ನಲ್ಲಿ ನೇಯ್ದದ್ದನ್ನು ಕೈಮಗ್ಗದ ಮೊಳಕಾಲ್ಮೂರು ಸೀರೆ ಎಂದು ಮಾರಿದರೆ ನಾವು ಒಪ್ಪುವುದಿಲ್ಲ. ಆ ಸೀರೆಯ ಹೆಸರು ಕಾಪಾಡಲೆಂದೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿದ್ದೇವೆ. ಪಾಠದ ಹಾಳೆಗೂ ಅದೇ ನ್ಯಾಯ.

2. ಯಂತ್ರವನ್ನು ಲೇಖಕನ ಸ್ಥಾನದಲ್ಲಿ ಕೂರಿಸಿ ಕೈ ತೊಳೆದುಕೊಳ್ಳಬೇಡಿ. ‘ಬರೆದವರು: ಚಾಟ್‌ಜಿಪಿಟಿ’ ಎಂದಷ್ಟೇ ಹಾಕಿ ನಿಮ್ಮ ಹೆಸರು ಬಿಡುವಂತಿಲ್ಲ. ‘ನೇಚರ್’ ವಿಜ್ಞಾನ ಪತ್ರಿಕೆ 2023ರ ಜನವರಿಯಲ್ಲೇ ಎಐ ಸಾಧನವನ್ನು ಲೇಖಕ ಎಂದು ಒಪ್ಪುವುದಿಲ್ಲ, ಬಳಸಿದ್ದರೆ ಅದನ್ನು ಲೇಖನದಲ್ಲಿ ತಿಳಿಸಬೇಕು ಎಂದು ನಿಯಮ ಮಾಡಿತು. ಕಾರಣ ಸರಳ: ಬರಹಕ್ಕೆ ಹೊಣೆ ಹೊರಲು ಯಂತ್ರಕ್ಕೆ ಆಗದು. ತಪ್ಪಾದಾಗ ಮಗುವಿನ ಮುಂದೆ ನಿಂತು ತಿದ್ದುವವರು ಒಬ್ಬ ಮನುಷ್ಯರೇ ಆಗಿರಬೇಕು.

3. ಮಂಡಳಿಯ ಹೆಸರು, ಸಂಸ್ಥೆಗಳ ಹೆಸರು ಬಳಸಬೇಡಿ. ಯಂತ್ರ ಬರೆದ ಪ್ರಶ್ನೆಪತ್ರಿಕೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಎಂದು ಹಂಚುವುದು ಮಕ್ಕಳಿಗೆ ಮಾಡುವ ಮೋಸ. ಎಸ್‌ಎಸ್‌ಎಲ್‌ಸಿ ಮಗು ಅದನ್ನು ನಂಬಿ ತಯಾರಾಗುತ್ತದೆ. ಕುದಾಪುರದ ಐಐಎಸ್‌ಸಿ ಆವರಣದಲ್ಲಿರುವ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಂದ ತಂದ ಟಿಪ್ಪಣಿಯನ್ನು ಯಂತ್ರದಿಂದ ಹಿಗ್ಗಿಸಿ, ಕುಗ್ಗಿಸಿ, ‘ಐಐಎಸ್‌ಸಿ ನೋಟ್ಸ್’ ಎಂದು ಕಳಿಸಬೇಡಿ. ಬದಲಾಯಿಸಿದ ಮೇಲೆ ಅದು ಅವರದ್ದಲ್ಲ.

4. ಮಕ್ಕಳ ಮಾಹಿತಿಯನ್ನು ಯಂತ್ರಕ್ಕೆ ಹಾಕಬೇಡಿ. ಹೆಸರು, ಸ್ಯಾಟ್ಸ್ ಸಂಖ್ಯೆ, ಜಾತಿ, ಅಂಕಪಟ್ಟಿ, ಫೋಟೊ, ಕಾಯಿಲೆ, ಮನೆಯ ಕಷ್ಟ, ಯಾವುದನ್ನೂ ಹಾಕುವಂತಿಲ್ಲ. ‘ಓದಿನಲ್ಲಿ ಹಿಂದಿರುವ ಈ ಹತ್ತು ಮಕ್ಕಳಿಗೆ ಹಾಳೆ ಮಾಡಿಕೊಡು’ ಎಂದು ಹೆಸರು ಸಮೇತ ಪಟ್ಟಿ ಅಂಟಿಸುವುದು ಸುಲಭ, ಹಿಂದಕ್ಕೆ ತೆಗೆದುಕೊಳ್ಳುವುದು ಅಸಾಧ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹಾಳೆ ಬೇಕಿದ್ದರೆ ‘ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳಲು ತಡವರಿಸುವ 4ನೇ ತರಗತಿ ಮಕ್ಕಳಿಗೆ’ ಎಂದು ಕೇಳಿ. ಅಷ್ಟು ಸಾಕು.

5. ಯಂತ್ರ ಕೊಟ್ಟ ವಚನ, ಪದ್ಯ, ಗಾದೆ, ಉಕ್ತಿಯನ್ನು ಹಾಗೇ ಅಚ್ಚು ಹಾಕಬೇಡಿ. ಕೊನೆಗೆ ಕೂಡಲಸಂಗಮದೇವ ಎಂದು ಹಚ್ಚಿದ್ದೆಲ್ಲ ಬಸವಣ್ಣನವರ ವಚನವಲ್ಲ. ವಚನದ ಧಾಟಿಯಲ್ಲಿ ನಾಲ್ಕು ಸಾಲು ಹೊಸೆದು ಅಂಕಿತ ಹಾಕುವುದು ಯಂತ್ರಕ್ಕೆ ಕ್ಷಣದ ಕೆಲಸ. ಸಮಗ್ರ ವಚನ ಸಂಪುಟದಲ್ಲಿ ಕಂಡ ಮೇಲೆಯೇ ಬಳಸಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಹೆಸರಿನಲ್ಲಿ ಅವರು ಆಡದ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಅದು ತಿದ್ದಲಾರದ ತಪ್ಪಾಗುತ್ತದೆ.

6. ನಮ್ಮ ಜನಪದ ಕಥೆಗಳನ್ನು ಯಂತ್ರದಿಂದ ಕಟ್ಟಿಸಬೇಡಿ. ಜುಂಜಪ್ಪನ ಕಾವ್ಯ, ಗಾದ್ರಿ ಪಾಲನಾಯಕನ ಕಥೆ ಇವತ್ತಿಗೂ ಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ಬದುಕಿವೆ. ಯಂತ್ರಕ್ಕೆ ಅವುಗಳ ಒಂದು ಎಳೆ ಸಿಕ್ಕಿದ್ದರೂ ಹೆಚ್ಚು. ಮಿಕ್ಕದ್ದನ್ನು ಅದು ಬೇರೆಲ್ಲಿಂದಲೋ ತಂದು ಜೋಡಿಸುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹಾಡಿದ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಕೇಳಿ, ಬರೆದುಕೊಂಡು, ಪುಸ್ತಕ ಮಾಡಿದರು. ಹಾಡಿದವರ ಹೆಸರು ಹಾಡಿನ ಜೊತೆಗೇ ಉಳಿಯಿತು. ಆ ದಾರಿ ನಿಮಗೂ ತೆರೆದಿದೆ. ಮಕ್ಕಳನ್ನು ಅವರವರ ಅಜ್ಜಿಯ ಹತ್ತಿರ ಕಳಿಸಿ, ಕೇಳಿದ್ದನ್ನು ಬರೆಸಿ, ಅಜ್ಜಿಯ ಹೆಸರು ಹಾಕಿಸಿ.

7. ಭೂಪಟವನ್ನು ಯಂತ್ರದಿಂದ ಬಿಡಿಸಬೇಡಿ. ಗಡಿ ತಪ್ಪುತ್ತದೆ, ಊರು ಜಾಗ ಬದಲಾಯಿಸುತ್ತದೆ, ವೇದಾವತಿ ಎಲ್ಲೋ ಹರಿಯುತ್ತದೆ. ಪಠ್ಯಪುಸ್ತಕದ ಭೂಪಟ, ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟ ಬಳಸಿ.

8. ನೀವು ಬಳಸಿದ್ದನ್ನು ಮುಚ್ಚಿಟ್ಟು ಮಕ್ಕಳನ್ನು ಗದರಬೇಡಿ. ಪ್ರಬಂಧವನ್ನು ಫೋನಿನಿಂದ ಬರೆಸಿದ ಎಂದು ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಮೊದಲು, ಪ್ರಬಂಧದ ವಿಷಯ ಎಲ್ಲಿಂದ ಬಂತೆಂದು ನೆನೆಯಿರಿ. ಎಐ ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶದ ಮಾತು ನಂಬಿ ಅಂಕ ಕಳೆಯಬೇಡಿ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಇಂಥದೊಂದು ಸಾಧನ ತಂದು, ನಿಖರತೆ ಕಡಿಮೆ ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಬಂದರೆ ಮಗುವನ್ನು ಕೂರಿಸಿಕೊಂಡು ಬರೆದದ್ದರ ಬಗ್ಗೆ ಮಾತಾಡಿಸಿ. ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

9. ಚಿಕ್ಕ ಮಕ್ಕಳ ಕೈಗೆ ಎಐ ಸಾಧನವನ್ನು ನೇರವಾಗಿ ಕೊಡಬೇಡಿ. ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗದರ್ಶಿ, ತರಗತಿಯಲ್ಲಿ ಎಐ ಬಳಕೆಗೆ ಕನಿಷ್ಠ 13 ವರ್ಷದ ಮಿತಿ ಇರಲಿ ಎನ್ನುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಬಳಸುವವರು ಶಿಕ್ಷಕರು ಮಾತ್ರ.

10. ನಿಜ ಬರೆದವರನ್ನು ಹೀಯಾಳಿಸಬೇಡಿ. ಇದು ಮುಖ್ಯೋಪಾಧ್ಯಾಯರಿಗೆ, ಸಿಆರ್‌ಪಿಗಳಿಗೆ, ಸಹೋದ್ಯೋಗಿಗಳಿಗೆ. ‘ಎಐನಿಂದ ಬರೆಸಿದ್ದು, ನಾನು ತಿದ್ದಿದ್ದು’ ಎಂದು ಹಾಳೆಯ ಮೇಲೆ ಹಾಕಿದ ಟೀಚರ್ ಸೋಮಾರಿಯಲ್ಲ. ಸಾಲು ಸಾಲು ಓದಿ ಹೆಸರು ಹಾಕುವ ಧೈರ್ಯ ಮಾಡಿದವರು. ಅವರನ್ನು ಸಭೆಯಲ್ಲಿ ನಗೆಪಾಟಲು ಮಾಡಿದರೆ ಮಾರನೇ ದಿನದಿಂದ ಎಲ್ಲರೂ ಮುಚ್ಚಿಡುತ್ತಾರೆ, ಈ ಸೂಚನೆ ಗೋಡೆಯ ಮೇಲಷ್ಟೇ ಉಳಿಯುತ್ತದೆ.

ಯಾವುದಕ್ಕೆ ಬರೆಯಬೇಕಿಲ್ಲ

ಕಾಗುಣಿತ ತಿದ್ದಿಸಿದ್ದಕ್ಕೆ, ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸಿದ್ದಕ್ಕೆ, ನೀವು ಬಾಯಲ್ಲಿ ಹೇಳಿದ್ದನ್ನು ಫೋನು ಟೈಪ್ ಮಾಡಿದ್ದಕ್ಕೆ, ಪುಟ ಜೋಡಿಸಿದ್ದಕ್ಕೆ ಬರೆಯಬೇಕಿಲ್ಲ. ವಾಕ್ಯ, ಪ್ರಶ್ನೆ, ಉತ್ತರ, ವಿವರಣೆ, ಅನುವಾದ, ಚಿತ್ರ, ಇವುಗಳಲ್ಲಿ ಯಾವುದೇ ಒಂದು ಯಂತ್ರದಿಂದ ಬಂದಿದ್ದರೆ ಬರೆಯಲೇಬೇಕು. ‘ಸ್ವಲ್ಪವೇ ಬಳಸಿದ್ದು’ ಎಂಬುದು ವಿನಾಯಿತಿ ಅಲ್ಲ. ಹತ್ತು ಪ್ರಶ್ನೆಯಲ್ಲಿ ಎರಡು ಯಂತ್ರದ್ದಾದರೆ ಆ ಎರಡು ಯಾವುವು ಎಂದು ಬರೆಯಿರಿ. ಬರೆಯಬೇಕೋ ಬೇಡವೋ ಎಂಬ ಅನುಮಾನ ಬಂದರೆ ಬರೆದುಬಿಡಿ.

ಅಚ್ಚು ಹಾಕುವವರಿಗೆ, ಕಳಿಸುವವರಿಗೆ

ಹಾಳೆ ಉಳಿಸಲೆಂದು, ಪುಟ ಚೆಂದ ಕಾಣಲೆಂದು ಎಐ ಬಳಕೆ ತಿಳಿಸುವ ಸಾಲುಗಳನ್ನು ಕತ್ತರಿಸಬೇಡಿ. ಎರಡನೇ ಜೆರಾಕ್ಸ್‌ನಲ್ಲೂ ಮೂರನೇ ಜೆರಾಕ್ಸ್‌ನಲ್ಲೂ ಅವು ಉಳಿಯಬೇಕು. ವಾಟ್ಸಾಪ್ ಗುಂಪಿಗೆ ಬಂದ ಹಾಳೆಯ ಮೇಲೆ ಏನೂ ಬರೆದಿಲ್ಲದಿದ್ದರೆ, ಕಳಿಸಿದವರನ್ನು ‘ಸರ್, ಇದು ಎಲ್ಲಿಯದು?’ ಎಂದು ಕೇಳಿ. ಉತ್ತರ ಬರುವವರೆಗೆ ಮುಂದಕ್ಕೆ ಕಳಿಸಬೇಡಿ. ನೋಟ್ಸ್ ಮಾರುವವರಾದರೆ ಹೊದಿಕೆಯ ಮೇಲೇ ಬರೆಯಿರಿ. ಕೊಳ್ಳುವ ಮುಂಚೆ ಓದುವಂತಿರಬೇಕು.

ತಪ್ಪು ಸಿಕ್ಕಾಗ

ಮೊದಲು ತರಗತಿಯಲ್ಲಿ ಹೇಳಿ: ‘ನಿನ್ನೆ ಕೊಟ್ಟ ಹಾಳೆಯ 7ನೇ ಉತ್ತರ ತಪ್ಪು, ಸರಿ ಇದು.’ ಎಲ್ಲರ ಹಾಳೆಯಲ್ಲೂ ಪೆನ್ನಿನಿಂದ ತಿದ್ದಿಸಿ. ಹಾಳೆ ಯಾವ ಗುಂಪಿಗೆ ಹೋಗಿತ್ತೋ ಅದೇ ಗುಂಪಿಗೆ ತಿದ್ದುಪಡಿ ಕಳಿಸಿ, ಹಳೆಯದನ್ನು ಅಳಿಸಿ, ಹೊಸದರ ಮೇಲೆ ತಿದ್ದಿದ ತಾರೀಖು ಹಾಕಿ. ಆ ತಪ್ಪು ಉತ್ತರ ನಂಬಿ ಪರೀಕ್ಷೆಯಲ್ಲಿ ಬರೆದ ಮಗುವಿಗೆ ನಿಮ್ಮ ಶಾಲೆಯ ಪರೀಕ್ಷೆಯಲ್ಲಿ ಅಂಕ ಕಳೆಯಬೇಡಿ. ‘ಯಂತ್ರದ ತಪ್ಪು’ ಎಂದು ಹೇಳಿ ಮುಗಿಸಬೇಡಿ. ಹಾಳೆಯ ಮೇಲಿರುವ ಹೆಸರು ನಿಮ್ಮದು, ತಿದ್ದುವ ಕೆಲಸವೂ ನಿಮ್ಮದು.

ಯಾವಾಗಿನಿಂದ

ಮುಂದಿನ ಹಾಳೆಯಿಂದಲೇ. ಈಗಾಗಲೇ ಹಂಚಿದವುಗಳಲ್ಲಿ ಯಾವುವು ಎಐ ಬರೆದವು ಎಂದು ನೆನಪಿದ್ದರೆ, ಈ ವಾರ ಮಕ್ಕಳಿಂದ ತರಿಸಿ ತಲೆಯಲ್ಲಿ ಒಂದು ಸಾಲು ಬರೆಸಿ. ಎಸ್‌ಎಸ್‌ಎಲ್‌ಸಿ ಮಕ್ಕಳ ಹಾಳೆಯಿಂದ ಶುರು ಮಾಡಿ, ಅವರಿಗೆ ಸಮಯ ಕಡಿಮೆ. ಎಲ್ಲವನ್ನೂ ಒಮ್ಮೆಗೇ ಓದಿ ತಿದ್ದಲು ಆಗದಿದ್ದರೆ ಹಂಚುವ ಹಾಳೆಗಳನ್ನು ಕಡಿಮೆ ಮಾಡಿ. ಓದದೆ ಕೊಟ್ಟ ಇಪ್ಪತ್ತು ಪುಟಕ್ಕಿಂತ ನೀವು ಸಾಲು ಸಾಲು ನೋಡಿ ಹೆಸರು ಹಾಕಿದ ಎರಡು ಪುಟ ಮಗುವಿಗೆ ಹೆಚ್ಚು ಉಪಯೋಗ. ಈ ಸೂಚನೆಯನ್ನು ಶಿಕ್ಷಕರ ಕೊಠಡಿಯಲ್ಲಿ, ಟ್ಯೂಷನ್ ಕೋಣೆಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಅಂಟಿಸಿ. ಇವತ್ತು ಅಚ್ಚಿಗೆ ಹೋಗಲಿರುವ ಹಾಳೆಯನ್ನು ಈಗಲೇ ಒಮ್ಮೆ ತೆಗೆದು ನೋಡಿ.